ಕಾಲಂ ಖಾಲಿಯಿದ್ದವರು

ಊರಿನ ಸಾಧಕರ ಹೆಸರು ಕೆತ್ತಿದ ಕಲ್ಲುಗಳನ್ನು ಕಾಲುದಾರಿಗೆ ಹಾಸುವ ‘ವಾಕ್ ಆಫ್ ಫೇಮ್’ಗೆ ಹಾಲಿವುಡ್ಡೇ ಮಾದರಿ. ಅಲ್ಲಿ ಯಾರಾದರೂ ಹೆಸರು ಸೂಚಿಸಬೇಕು, ಸಾಧಕರು ಒಪ್ಪಬೇಕು, ಆಯ್ಕೆಯಾದ ಮೇಲೆ ಪ್ರಾಯೋಜಕರು ಶುಲ್ಕ ಕಟ್ಟಬೇಕು. ರಾಜ್ಯೋತ್ಸವ ಪ್ರಶಸ್ತಿಗೆ ಮುನ್ನ ನಡೆಯುವ ಓಡಾಟ ಬಲ್ಲ ಕನ್ನಡಿಗರು ಇದನ್ನು ಕೇಳಿ ನಗಲಾರರು. ಹೆಸರನ್ನು ತುಳಿಯಬಹುದೇ ಎಂಬ ತಕರಾರೂ ಉಂಟು. ಪ್ರವಾದಿಯ ಹೆಸರು ಹೊತ್ತ ತನ್ನ ನಕ್ಷತ್ರದ ಕಲ್ಲು ಜನರ ಕಾಲಡಿ ಇರಬಾರದೆಂದು ಬಾಕ್ಸರ್ ಮುಹಮ್ಮದ್ ಅಲಿ ಹಟ ಹಿಡಿದರು; ಅದು ಗೋಡೆಯೇರಿತು. ಕುಲಶೇಖರ ಆಳ್ವಾರರು ಬೇಡಿದ್ದು ಇದಕ್ಕೆ ತದ್ವಿರುದ್ಧ, ತಿರುಮಲೆಯಲ್ಲಿ ಮೆಟ್ಟಿಲಾಗಿ ಬಿದ್ದಿರುವ ಭಾಗ್ಯವನ್ನು. ಗರ್ಭಗುಡಿಯ ಮುಂದಿನ ಮೆಟ್ಟಿಲಿಗೆ ವೈಷ್ಣವರು ಇಂದಿಗೂ ಅವರ ಹೆಸರನ್ನೇ ಹೇಳುತ್ತಾರೆ. ಹೆಸರು ಎಲ್ಲಿದೆ ಎಂಬುದು ಹಾಗಾಗಿ ದೊಡ್ಡ ತೊಡಕಲ್ಲ. ನಾವು ಗೌರವಿಸುವುದು ಕಣ್ಣಿಗೆ ಕಂಡ ಸಾಧನೆಯನ್ನು. ಯಾರ ಕಣ್ಣಿಗೂ ಬೀಳದೆ ದೊಡ್ಡವರಾದವರನ್ನು ಏನು ಮಾಡುವುದು?

ಚೆನ್ನೈನ ಮೈಲಾಪುರ ಇದಕ್ಕೊಂದು ಉತ್ತರ ಇಟ್ಟುಕೊಂಡಿದೆ. ಪಂಗುನಿ ಉತ್ಸವದ ಎಂಟನೆಯ ದಿನ ಕಪಾಲೀಶ್ವರ ದೇವಸ್ಥಾನದ ಮಾಡಬೀದಿಗಳಲ್ಲಿ ಶಿವಭಕ್ತರಾದ 63 ನಾಯನ್ಮಾರರ ಮೂರ್ತಿಗಳ ಮೆರವಣಿಗೆ ಹೊರಡುತ್ತದೆ. ಹರಿಹರನ ರಗಳೆ ಓದಿದವರಿಗೆ ಇವರು ಹೊಸಬರಲ್ಲ. ನಾವು ಪುರಾತನರೆಂದು ಕರೆದು ನಂಜನಗೂಡಿನ ಗುಡಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡವರೇ. ರಾಜರ ಸಾಲಿನಲ್ಲೇ ಕುಂಬಾರ, ಅಗಸ, ಬೆಸ್ತ, ಬೇಡ. ಅವರಲ್ಲೊಬ್ಬರಾದ ವಾಯಿಲಾರರು ಮೈಲಾಪುರದವರೇ. ಪೆರಿಯ ಪುರಾಣದ ಪ್ರಕಾರ ಅವರು ಮೌನಿ. ಮನಸ್ಸಿನೊಳಗೇ ಶಿವನಿಗೆ ಗುಡಿ ಕಟ್ಟಿ ಅಲ್ಲೇ ಪೂಜಿಸಿ ಹೋದವರು. ಕೆರೆ ಕಟ್ಟಿಸಲಿಲ್ಲ, ಪವಾಡ ಮಾಡಲಿಲ್ಲ. ಇಂದಿನ ಆಯ್ಕೆ ಸಮಿತಿಯ ಮುಂದೆ ಅವರ ಅರ್ಜಿ ಬಂದರೆ ಸಾಧನೆಯ ಕಾಲಂ ಖಾಲಿ. ಆದರೂ ನಾಯನ್ಮಾರರಲ್ಲೇ ಒಬ್ಬರಾದ ಸುಂದರರು ಭಕ್ತರ ಪಟ್ಟಿಯಾದ ತಿರುತ್ತೊಂಡತ್ತೊಗೈಯಲ್ಲಿ ಅವರ ಹೆಸರು ಸೇರಿಸಿದರು, 12ನೆಯ ಶತಮಾನದಲ್ಲಿ ಸೇಕ್ಕಿಳಾರರು ಪೆರಿಯ ಪುರಾಣದಲ್ಲಿ ಅವರ ಕಥೆ ಬರೆದರು. ಸುಂದರರ ಪಟ್ಟಿಯಲ್ಲಿ ಬಿಡಿ ಹೆಸರುಗಳ ಜೊತೆಗೆ ಹೆಸರಿಲ್ಲದ 9 ಗಣಗಳೂ ಇವೆ. ಒಂದು ಗಣವಂತೂ ತಮಿಳು ನಾಡಿನ ಆಚೆ, ಸುಂದರರ ಕಾಲದ ಆಚೆ ಶಿವನ ಪಾದ ಸೇರಿದವರದು. ಪಟ್ಟಿ ಮುಗಿದಿಲ್ಲ ಎಂದು ಪಟ್ಟಿಯೊಳಗೇ ಬರೆದಿಟ್ಟ ಹಾಗಾಯಿತು. ತನ್ನ ಕಣ್ಣಿಗೂ ಮಿತಿಯಿದೆ ಎಂದು ಊರು ಹೀಗೆ ಒಪ್ಪಿಕೊಂಡಾಗಲೇ ಅದರ ಗೌರವ ನಂಬಿಕೆಗೆ ಅರ್ಹ ಎಂಬುದು ನನ್ನ ವಾದ.

ಕಾಣದ್ದಕ್ಕೂ ಮಣೆ ಹಾಕಿದರೆ ಯಾರನ್ನು ಬೇಕಾದರೂ ತೂರಿಸಬಹುದಲ್ಲ ಎನ್ನಬಹುದು. ಕಂಡದ್ದಕ್ಕೇ ಮಣೆ ಹಾಕುವಲ್ಲಿ ತೂರುವವರು ಕಡಿಮೆಯೇ? ಸುಂದರರಿಂದ ಸೇಕ್ಕಿಳಾರರವರೆಗೆ ಶತಮಾನಗಳೇ ಕಳೆದವು. ಅಷ್ಟು ಕಾಲ ಜನರ ಬಾಯಲ್ಲಿ ಉಳಿದ ಹೆಸರಿಗೆ ವಶೀಲಿ ಬೇಕಾಗಲಿಲ್ಲ. ಇದಕ್ಕಿಂತ ಬಲವಾದ ಆಕ್ಷೇಪ ಅದೇ ಪಟ್ಟಿಯ ನಂದನಾರರ ಕಡೆಯಿಂದ ಬರುತ್ತದೆ. ಅಸ್ಪೃಶ್ಯ ಕುಲದ ಆ ಭಕ್ತರು ಚಿದಂಬರದ ಗುಡಿ ಹೊಗುವ ಮುನ್ನ ಬೆಂಕಿಯನ್ನು ಹಾಯಬೇಕಾಯಿತು. ಅವರ ಮೂರ್ತಿಯನ್ನು ಹೊತ್ತು ಮೆರೆಸಿದ ಸಮಾಜವೇ ಅವರ ಜನರನ್ನು ಹೊರಗಿಟ್ಟಿತು. ಮದರಾಸು ಪ್ರಾಂತದಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದದ್ದು 1939ರಲ್ಲಿ. ಸತ್ತವರನ್ನು ಪೂಜಿಸಿ ಬದುಕಿರುವವರನ್ನು ದೂಡುವುದು ಸುಲಭ ಎಂಬ ಮಾತಿಗೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ಇಷ್ಟು ಮಾತ್ರ ಹೇಳಬಹುದು: ಬಾಗಿಲು ಮುಚ್ಚಿದವರ ವಿರುದ್ಧ ಸಾಕ್ಷಿ ಹೇಳಲು ಅವರದೇ ಪಟ್ಟಿಯಲ್ಲಿ ನಂದನಾರರ ಹೆಸರಿತ್ತು. 19ನೆಯ ಶತಮಾನದಲ್ಲಿ ಗೋಪಾಲಕೃಷ್ಣ ಭಾರತಿ ಆ ಕಥೆಯನ್ನು ಹಾಡಾಗಿಸಿದಾಗ ಅದು ಮನೆಮನೆಗೂ ಮುಟ್ಟಿತು.

ಕನ್ನಡಿಗರಿಗೂ ಚೆನ್ನೈನಲ್ಲಿ ಒಂದು ಗೌರವ ಸಂದಿದೆ. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಬಳಿ, ಬಹುಕಾಲ ಮುಸುಕಿನಲ್ಲಿದ್ದ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಅನಾವರಣಗೊಂಡಿತು; ಕೆಲವೇ ದಿನಗಳಲ್ಲಿ ಚೆನ್ನೈನ ಅಯನಾವರಂನ ಉದ್ಯಾನದಲ್ಲಿ ಸರ್ವಜ್ಞನ ಪ್ರತಿಮೆ ಎದ್ದಿತು. ಒಂದಕ್ಕೆ ಒಂದು ಎಂಬ ಲೆಕ್ಕದ ಮರ್ಯಾದೆ ಅದು. ಜಗಳಕ್ಕಿಂತ ವಾಸಿ, ಒಪ್ಪೋಣ. ಆದರೆ ಮೈಲಾಪುರದ ಬೀದಿಯಲ್ಲಿ ಆ ಲೆಕ್ಕವಿಲ್ಲ. ತಂತಮ್ಮ ಊರಲ್ಲಿ ಸಾಧಕರ ಪಟ್ಟಿ ಹಿಡಿದು ಕೂತಿರುವ ಸಂಘಗಳವರು ಕಲ್ಲು ಕೆತ್ತಿಸುವ ಮುನ್ನ ಒಂದು ಪಂಗುನಿಯಲ್ಲಿ ಅಲ್ಲಿಗೆ ಹೋಗಿಬರಲಿ. ಬಂದ ಮೇಲೆ ಒಂದು ಕಲ್ಲನ್ನಾದರೂ ಹೆಸರಿಲ್ಲದೆ ಹಾಸಲಿ.