ಹಸಿವಿನ ಗಾಳ, ಹವ್ಯಾಸದ ಗಾಳ



*ಇಂದಿನ ಧಮ್ಮ ಚಿಂತನೆ*
*ವಿಷಯ: ಮೊದಲನೆಯ ಶೀಲ*

ಧಮ್ಮ ಬಂಧುಗಳೇ,

ಮಾರತ್ತಹಳ್ಳಿಯ ನಮ್ಮ ಅಧ್ಯಯನ ಬಳಗದಲ್ಲಿ ಕಳೆದ ಭಾನುವಾರ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ಎರಡೂ ಮೀನಿನದ್ದೇ.

ಮೊದಲನೆಯದು ಐ.ಟಿ. ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ತಮ್ಮನದು. "ಅಣ್ಣ, ರಜೆ ಬಂದರೆ ಆಫೀಸಿನವರು ಕಾವೇರಿ ದಡಕ್ಕೆ ಗಾಳ ಹಾಕಲು ಹೋಗುತ್ತಾರೆ. ನನ್ನನ್ನೂ ಕರೆಯುತ್ತಿದ್ದಾರೆ. ಹಿಡಿದ ಮೀನನ್ನು ತಿನ್ನುವುದಿಲ್ಲ, ಫೋಟೊ ತೆಗೆದು ವಾಪಸ್ ನೀರಿಗೆ ಬಿಡುತ್ತಾರೆ. ಕೊಲ್ಲದೆ ಇದ್ದ ಮೇಲೆ ಶೀಲಭಂಗ ಹೇಗೆ?"

ಎರಡನೆಯದು ಒಬ್ಬ ತಂಗಿಯದು. ಆಕೆಯ ತಾಯಿ ಊರಿನ ಸಂತೆಯಲ್ಲಿ ಮೀನು ಮಾರಿ ಮೂರು ಮಕ್ಕಳನ್ನು ಓದಿಸಿದವರು. "ಹಾಗಾದರೆ ನಮ್ಮಮ್ಮ ಬೌದ್ಧಳಲ್ಲವೇ?" ಎಂದು ಕೇಳಿದಳು. ಕೇಳುವಾಗ ಅವಳ ದನಿ ನಡುಗುತ್ತಿತ್ತು.

ಅಂದು ಸಮಯ ಸಾಲಲಿಲ್ಲ. ಎರಡಕ್ಕೂ ನನಗೆ ತಿಳಿದಷ್ಟನ್ನು ಇಂದು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆಯ ಹೊಳೆ ಬದಿಯ ಊರಿನಲ್ಲಿ. ನಮ್ಮಜ್ಜ ಕೂಲಿ ಇಲ್ಲದ ದಿನ ಹೊಳೆ ದಡದಲ್ಲಿ ಕೂತು ಎರೆಹುಳು ಸಿಕ್ಕಿಸಿದ ಗಾಳ ಬಿಡುತ್ತಿದ್ದರು. ಎರಡು ಮೀನು ಸಿಕ್ಕರೆ ಎದ್ದು ಬರುತ್ತಿದ್ದರು. ಮೂರನೆಯದಕ್ಕೆ ಕಾಯುತ್ತಿರಲಿಲ್ಲ. ಅಂದಿನ ಸಾರಿಗೆ ಅಷ್ಟು ಸಾಕಾಗಿತ್ತು. ಹಾಗಾಗಿ ಗಾಳದ ವಿಷಯವನ್ನು ನಾನು ದೂರ ನಿಂತು ಹೇಳುತ್ತಿಲ್ಲ.

ಅದೇ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ದಡಗಳು ಬಹಳ ಕಾಲ ಗಾಳದ ಆಟಕ್ಕೆ ಜಗತ್ಪ್ರಸಿದ್ಧವಾಗಿದ್ದವು. ಅಲ್ಲಿನ ದೊಡ್ಡ ಮೀನು ಮಹಶೀರ್, ನಮ್ಮ ಕಡೆಯವರ ಬಾಯಲ್ಲಿ ಬಿಳಿಮೀನು. ಅದಕ್ಕೆ ಹಾಕುವ ಎರೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ನಮ್ಮ ತಟ್ಟೆಯ ಮುದ್ದೆಯೇ ಅದಕ್ಕೂ ಆಸೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು 120 ಪೌಂಡ್ ತೂಕದ ಮಹಶೀರ್ ಹಿಡಿದದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಇಲ್ಲದ ಗೂನು ಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ವನ್ಯಜೀವಿಧಾಮದ ಒಳಗೆ ಆಟಕ್ಕೆ ಗಾಳ ಹಾಕುವುದು ನಿಂತು ಹತ್ತು ವರ್ಷಕ್ಕೂ ಮೇಲಾಯಿತು. ಹಾಗಾಗಿ, ತಮ್ಮಾ, ಮೊದಲು ಕಾನೂನು ನೋಡು. ಆಮೇಲೆ ಶೀಲ ನೋಡೋಣ.

ಉದಾನದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಸಾವತ್ಥಿ ಮತ್ತು ಜೇತವನದ ನಡುವಿನ ದಾರಿಯಲ್ಲಿ ಒಂದಿಷ್ಟು ಹುಡುಗರು ಮೀನುಗಳನ್ನು ಹಿಂಸಿಸುತ್ತಿದ್ದರು. ಭಿಕ್ಷೆಗೆ ಹೊರಟಿದ್ದ ಭಗವಾನರು ಅವರ ಬಳಿ ನಿಂತರು. ಬೈಯಲಿಲ್ಲ, ನರಕದ ಭಯ ಹುಟ್ಟಿಸಲಿಲ್ಲ. ನಿಮಗೆ ನೋವೆಂದರೆ ಹೆದರಿಕೆಯೇ, ನೋವು ನಿಮಗೆ ಇಷ್ಟವಿಲ್ಲವೇ ಎಂದಷ್ಟೇ ಕೇಳಿದರು. ಹೌದು ಎಂದರು ಹುಡುಗರು. ನೋವು ನಿಮಗೆ ಬೇಡವಾದರೆ ಕೆಟ್ಟ ಕೆಲಸ ಮಾಡಬೇಡಿ ಎಂಬುದೇ ಅವರು ಕೊಟ್ಟ ಉಪದೇಶದ ಸಾರ.

ಗಮನಿಸಿ. ಭಗವಾನರು ಅಲ್ಲಿ ಮಾತಾಡಿದ್ದು ನೋವಿನ ಬಗ್ಗೆ. ಮೀನು ಸತ್ತಿತೇ, ಬದುಕಿತೇ ಎಂದು ಅವರು ಕೇಳಲಿಲ್ಲ.

ಮೀನಿಗೆ ನೋವಾಗುತ್ತದೆಯೇ ಎಂಬುದಕ್ಕೆ ವಿಜ್ಞಾನವೂ ಉತ್ತರ ಹುಡುಕಿದೆ. ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ತಲೆ, ಮುಖದ ಭಾಗದಲ್ಲಿ ಪೆಟ್ಟನ್ನೂ ಸುಡುವಿಕೆಯನ್ನೂ ಗ್ರಹಿಸುವ ನರತುದಿಗಳಿವೆ ಎಂದು 2003ರಲ್ಲಿ ತೋರಿಸಿದರು. ತುಟಿಗೆ ಉರಿಯುವ ದ್ರಾವಣ ಚುಚ್ಚಿದಾಗ ಮೀನು ಆಹಾರ ಬಿಟ್ಟು ತುಟಿಯನ್ನು ಜಲ್ಲಿಗೆ ಉಜ್ಜುತ್ತಿತ್ತು. ಗಾಳ ಚುಚ್ಚಿಕೊಳ್ಳುವುದೂ ಆ ಬಾಯಿಗೇ. ಹಿಡಿದು ಬಿಟ್ಟೆ ಎಂದರೆ ಪ್ರಾಣ ಉಳಿಯಿತು ಎಂದು ಒಪ್ಪೋಣ. ಆದರೆ ಒದ್ದಾಟ, ಉಸಿರಿಲ್ಲದೆ ಗಾಳಿಯಲ್ಲಿ ಕಳೆದ ನಿಮಿಷ, ಹರಿದ ತುಟಿ, ಇವನ್ನು ಅದಕ್ಕೆ ಕೊಟ್ಟದ್ದು ಯಾತಕ್ಕಾಗಿ?

ಈ "ಯಾತಕ್ಕಾಗಿ" ಎಂಬಲ್ಲೇ ಬಾಬಾಸಾಹೇಬರು ನಮ್ಮ ಕೈ ಹಿಡಿಯುತ್ತಾರೆ. 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯ ಪ್ರಶ್ನೆಯನ್ನು ಅವರು ನೇರವಾಗಿ ಎತ್ತಿಕೊಂಡಿದ್ದಾರೆ. ಬುದ್ಧರ ಅಹಿಂಸೆ ಕಣ್ಣು ಮುಚ್ಚಿ ಪಾಲಿಸುವ ಕಟ್ಟಳೆಯಲ್ಲ, ಬುದ್ಧಿಯಿಂದ ನಡೆಸುವ ತತ್ವ ಎನ್ನುತ್ತಾರೆ. ಕೊಲ್ಲುವ ಅವಶ್ಯಕತೆ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ಇಡುತ್ತಾರೆ. ಯಜ್ಞದ ಹೆಸರಿನಲ್ಲಿ ಪಶುಗಳನ್ನು ಕಡಿದದ್ದು ಇಚ್ಛೆ. ಯಾವ ಕಾರಣಕ್ಕೂ ಯಾವ ಜೀವವನ್ನೂ ಮುಟ್ಟೆನೆಂಬುದು ಇನ್ನೊಂದು ತುದಿ. ಬುದ್ಧರ ಮಾರ್ಗ ಎರಡರ ನಡುವಿನದು: ಎಲ್ಲ ಜೀವಗಳ ಮೇಲೆ ಪ್ರೀತಿ ಬೆಳೆಸಿಕೋ, ಆಗ ಕೊಲ್ಲುವ ಇಚ್ಛೆಯೇ ಹುಟ್ಟದು.

ಈಗ ತಮ್ಮನ ಪ್ರಶ್ನೆಗೆ ಈ ಅಳತೆಗೋಲು ಹಿಡಿಯಿರಿ. ಅಜ್ಜನ ಗಾಳದ ಹಿಂದೆ ಇದ್ದದ್ದು ಹಸಿವು. ಆಟದ ಗಾಳದ ಹಿಂದೆ ಹಸಿವಿಲ್ಲ, ಅವಶ್ಯಕತೆಯಿಲ್ಲ. ಇರುವುದು ಇನ್ನೊಂದು ಜೀವದ ಒದ್ದಾಟ ಕೊಡುವ ಖುಷಿ ಮಾತ್ರ. ತಿನ್ನುವುದಿಲ್ಲ ಎಂಬ ಕಾರಣಕ್ಕೆ ಅದು ಶುದ್ಧವಾಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಬಾಬಾಸಾಹೇಬರ ಅಳತೆಯಲ್ಲಿ ಲೆಕ್ಕ ತಲೆಕೆಳಗು. ತಿನ್ನಲು ಹಿಡಿದವನ ಬಳಿ ಒಂದು ಕಾರಣವಾದರೂ ಇತ್ತು.

ಆದ್ದರಿಂದ ನನ್ನ ಉತ್ತರ ಇದು: ಹೊಳೆಗೆ ಹೋಗು, ದಡದಲ್ಲಿ ಕೂರು, ಮುಸ್ಸಂಜೆಯ ನೀರು ನೋಡು. ರಾತ್ರಿ ಪಾಳಿಯ ದೇಹಕ್ಕೆ ಅದು ಬೇಕು. ಗಾಳ ಬೇಡ.

ಇನ್ನು ತಂಗಿಯ ಪ್ರಶ್ನೆ. ಇದು ಹೆಚ್ಚು ಕಷ್ಟದ್ದು. ಇದರಲ್ಲಿ ಒಂದು ಮನೆಯ ಅನ್ನವಿದೆ.

ಸತ್ಯ ಮುಚ್ಚಿಡುವುದು ಬೇಡ. ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಹೇಳಿದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮೀನು ವ್ಯಾಪಾರ ಈ ಪಟ್ಟಿಯ ಹೊರಗಿದೆ ಎಂದು ನಾನು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಅದೇ ಪರಂಪರೆಯಲ್ಲಿ ಯಸೋಜ ಥೇರರ ಕಥೆಯೂ ಇದೆ. ಸಾವತ್ಥಿಯ ಊರ ಬಾಗಿಲ ಬಳಿಯ ಮೀನುಗಾರರ ಕೇರಿಯ ಮುಖಂಡನ ಮಗ ಅವರು ಎಂದು ಅಟ್ಟಕಥೆ ಹೇಳುತ್ತದೆ. ಅವರು ಬಲೆ ಬಿಟ್ಟು ಸಂಘಕ್ಕೆ ಬಂದರು. ಒಮ್ಮೆ ಗದ್ದಲ ಮಾಡಿದರೆಂದು ಭಗವಾನರು ಯಸೋಜರನ್ನೂ ಅವರ ಸಂಗಡಿಗರನ್ನೂ ದೂರ ಕಳಿಸಿದರು. ಅವರು ವಗ್ಗುಮುದಾ ನದಿಯ ದಡದಲ್ಲಿ ಎಲೆಮನೆ ಕಟ್ಟಿ, ಒಂದೇ ವರ್ಷಾವಾಸದಲ್ಲಿ ಅರಹಂತರಾದರು. ಮೀನುಗಾರರ ಕೇರಿ ಅವರಿಗೆ ಅಡ್ಡ ಬರಲಿಲ್ಲ. ಹುಟ್ಟಿದ ಕೇರಿಯನ್ನು ಹಿಡಿದು ಅಳೆಯುವ ಪದ್ಧತಿ ಧಮ್ಮದಲ್ಲಿ ಇಲ್ಲ.

ಸಮ್ಮಾ ಆಜೀವ ಎಂಬುದು ಒಂಟಿಯಾಗಿ ಹೊರುವ ಹೊರೆಯೂ ಅಲ್ಲ. ವಿಧವೆ ತಾಯಿಯೊಬ್ಬಳು ಸಂತೆಯ ಬುಟ್ಟಿ ಇಳಿಸಬೇಕೆಂದು ಬಯಸಿದರೆ ಪಕ್ಕದಲ್ಲಿ ಬೇರೊಂದು ದಾರಿ ಇರಬೇಕು. ಆ ದಾರಿ ಮಾಡುವುದು ಮಕ್ಕಳ ಕೆಲಸ, ಬಳಗದ ಕೆಲಸ. ದಾರಿ ಮಾಡದೆ ಬೆರಳು ತೋರಿಸುವವರ ಬಾಯಲ್ಲಿ ಶೀಲ ಎಂಬ ಮಾತು ಹಗುರವಾಗುತ್ತದೆ. ಆ ತಾಯಿ ಮೂರು ಮಕ್ಕಳಿಗೆ ಅಕ್ಷರ ಕೊಟ್ಟರು. ಆ ಅಕ್ಷರದಿಂದಲೇ ಮಗಳು ಇಂದು ಧಮ್ಮದ ಪ್ರಶ್ನೆ ಕೇಳುತ್ತಿದ್ದಾಳೆ. ನಾನು ಅವರನ್ನು ಬೌದ್ಧರಲ್ಲ ಎನ್ನಲಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರಾಣಿದಯೆಯ ಮಾತು ಎಷ್ಟೋ ಸಲ ಮನುಷ್ಯದ್ವೇಷದ ಮುಸುಕಾಗಿ ಬರುತ್ತದೆ. ದೂರದ ಒಂದು ಉದಾಹರಣೆ ಕೇಳಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾಲೈ ಎಂಬ ಮೀನಿದೆ. ಕತ್ತಲಲ್ಲಿ ದೀಪ ಬಿಟ್ಟರೆ ಅದರ ಕಣ್ಣು ಹೊಳೆಯುತ್ತದೆ. ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನ ವಸಂತಕಾಲದ ರಾತ್ರಿಗಳಲ್ಲಿ ಆ ಹೊಳಪು ನೋಡಿ ಈಟಿಯಿಂದ ಮೀನು ಹಿಡಿಯುತ್ತಿದ್ದರು. 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟಾಗಲೂ ಆ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. 1983ರಲ್ಲಿ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು. ಆಮೇಲೆ ಏನಾಯಿತು? ಹವ್ಯಾಸಕ್ಕೆ ಮೀನು ಹಿಡಿಯುವವರೂ ಸೇರಿದಂತೆ ಬಿಳಿಯರ ಗುಂಪುಗಳು ಮೀನು ಉಳಿಸಿ ಎಂದು ಕೆರೆದಡಕ್ಕೆ ಬಂದು ಒಜಿಬ್ವೆ ಜನರ ಮೇಲೆ ಕಲ್ಲು ತೂರಿದವು, ಜನಾಂಗ ಹಿಡಿದು ಬೈದವು. 1991ರ ಸರ್ಕಾರಿ ಅಧ್ಯಯನ ಒಜಿಬ್ವೆಗಳಿಂದ ಮೀನಿನ ಸಂತತಿಗೆ ಧಕ್ಕೆಯಾಗಿಲ್ಲ ಎಂದಿತು. ಆ ಕಲ್ಲುಗಳು ಮೀನನ್ನು ಕಾಯಲು ಬಂದವಲ್ಲ.

ನಮಗೆ ಇದು ಹೊಸತೇ? 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿದರು. ದನ, ನಾಯಿ ಕುಡಿಯಬಹುದಾಗಿದ್ದ ಕೆರೆ ಅದು. ಮನುಷ್ಯರು ಮುಟ್ಟಿದ್ದಕ್ಕೆ ಅದನ್ನು 'ಶುದ್ಧಿ' ಮಾಡಿದರು. ಆ ಕೆರೆಯ ಹಕ್ಕು ಬಾಂಬೆ ಹೈಕೋರ್ಟಿನಲ್ಲಿ ಗಟ್ಟಿಯಾಗಲು 1937 ಬರಬೇಕಾಯಿತು. ಇಂದು ನಮ್ಮ ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ವೆಜ್ ಮಾತ್ರ" ಎಂಬ ಫಲಕ. ಅಡುಗೆ ಕೇಳಿದಂತೆ ಜಾತಿ ಕೇಳುವ ವಿಧಾನ ಅದು. ಒಂದು ಮನೆಯ ಬಾಗಿಲಲ್ಲಿ ನಾನೂ ಅದನ್ನು ಕೇಳಿಸಿಕೊಂಡಿದ್ದೇನೆ. ಆದ್ದರಿಂದ ಬಳಗದಲ್ಲಿ ಶೀಲದ ಮಾತಾಡುವಾಗ ಯಾರ ತಟ್ಟೆಯಲ್ಲಿ ಏನಿದೆ ಎಂದು ಇಣುಕುವುದು ಬೇಡ. ಮಡಿಯನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡರೆ ದೀಕ್ಷೆ ಪಡೆದು ಏನು ಫಲ?

ಇನ್ನೂ ಒಂದು ಮಾತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಮತ್ತೆ ಓದಿ ನೋಡಿ. ಕಳ್ಳತನ, ಸುಳ್ಳು, ಕಾಮದ ಅನಾಚಾರ, ಮದ್ಯ, ಈ ನಾಲ್ಕೂ "ಮಾಡುವುದಿಲ್ಲ" ಎಂಬ ರೂಪದಲ್ಲಿವೆ. ಮೊದಲನೆಯ ಶೀಲದ ಜಾಗದಲ್ಲಿ ಮಾತ್ರ "ಮಾಡುತ್ತೇನೆ" ಎಂಬ ಪ್ರತಿಜ್ಞೆ ಇದೆ: ಎಲ್ಲ ಜೀವಿಗಳಿಗೆ ದಯೆ ತೋರುತ್ತೇನೆ, ಅವುಗಳನ್ನು ಕಾಪಾಡುತ್ತೇನೆ ಎಂದು. ನನ್ನ ಕೈಯಲ್ಲಿ ಗಾಳ ಇಲ್ಲ ಎಂದು ಕೈ ಕಟ್ಟಿ ಕೂತರೆ ಆ ಪ್ರತಿಜ್ಞೆ ಪೂರ್ತಿಯಾಗುವುದಿಲ್ಲ.

ನಮ್ಮ ಮನೆಗಳ ಹಿಂದೆಯೇ ಬೆಳ್ಳಂದೂರು ಕೆರೆ, ಅದರಾಚೆ ವರ್ತೂರು ಕೆರೆ. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳಿಗೆ ನೀರು, ಬೆಳೆ, ಮೀನು ಎಲ್ಲ ಕೊಟ್ಟ ಕೆರೆಗಳು ಇವು. ನಗರದ ಕೊಳಚೆ ಹರಿದು 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ, 2018ರಲ್ಲಿ ಮತ್ತೆ ಕೆರೆ ಹೊತ್ತಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಮೇಲೆ ಬಂದು ಬಾಯಿ ಬಿಟ್ಟು ಬಿಟ್ಟು ಉಸಿರು ಕಟ್ಟಿ ಸಾಯುತ್ತದೆ. ನಮ್ಮಜ್ಜ ಜೀವಮಾನವಿಡೀ ಹಿಡಿದದ್ದಕ್ಕಿಂತ ಹೆಚ್ಚು ಮೀನು ಒಂದೇ ದಿನ ಸತ್ತವು. ಒಬ್ಬರ ಕೈಯಲ್ಲೂ ಗಾಳ ಇರಲಿಲ್ಲ.

ಪಟಿಚ್ಚ ಸಮುಪ್ಪಾದವನ್ನು ನಾವು ಪಾಠವಾಗಿ ಓದುತ್ತೇವೆ. ಅಡುಗೆಮನೆಯ ನಲ್ಲಿಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಬಿಳಿಮೀನು ಈಜುವ ಅದೇ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಮೇಲೆತ್ತಿ 1974ರಿಂದ ಬೆಂಗಳೂರಿಗೆ ತರುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯಿತು. ನಗರದ ಪಶ್ಚಿಮ ಭಾಗದ ಕೊಳಚೆ ವೃಷಭಾವತಿ, ಅರ್ಕಾವತಿಗಳ ದಾರಿಯಲ್ಲಿ ಸಂಗಮಕ್ಕೆ ಹೋಗಿ ಅದೇ ಕಾವೇರಿಗೆ ಸೇರುತ್ತದೆ. ನಮ್ಮ ಭಾಗದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಹೊಳೆಯಿಂದ ನಾವು ಕುಡಿಯುವ ನೀರು ತೆಗೆದುಕೊಳ್ಳುತ್ತೇವೆ. ವಾಪಸ್ ಕೊಡುವುದು ಏನು?

ಕೊನೆಯದಾಗಿ, ಗಾಳದ ಇನ್ನೊಂದು ಪಾಠ. ಸಂಯುತ್ತ ನಿಕಾಯದಲ್ಲಿ ಭಗವಾನರು ಲಾಭ, ಸತ್ಕಾರ, ಕೀರ್ತಿಗಳನ್ನು ಎರೆ ಸಿಕ್ಕಿಸಿದ ಗಾಳಕ್ಕೆ ಹೋಲಿಸುತ್ತಾರೆ. ಮೀನಿಗೆ ಕಾಣುವುದು ಎರೆ ಮಾತ್ರ. ದೊಡ್ಡ ಮೀನು ಎತ್ತಿ ಹಿಡಿದ ಫೋಟೊವನ್ನು ಸ್ಟೇಟಸ್‌ಗೆ ಹಾಕಿ ಐದು ನಿಮಿಷಕ್ಕೊಮ್ಮೆ ಎಷ್ಟು ಜನ ನೋಡಿದರೆಂದು ನೋಡುವಾಗ, ಬಾಯಲ್ಲಿ ಗಾಳ ಸಿಕ್ಕಿಸಿಕೊಂಡವರು ಯಾರು? ನಾವೇ ಯೋಚಿಸೋಣ.

*ಇಂದಿನ ಅಭ್ಯಾಸ:*

1. ಊಟಕ್ಕೆ ಕೂತಾಗ ಒಂದು ನಿಮಿಷ ಮೌನವಾಗಿರಿ. ತಟ್ಟೆಯಲ್ಲಿರುವುದು ಎಲ್ಲಿಂದ ಬಂತು, ಯಾರ ಶ್ರಮ, ಯಾವ ಜೀವ ಎಂದು ನೆನೆಯಿರಿ. ಅಗತ್ಯಕ್ಕಿಂತ ಹೆಚ್ಚು ಬಡಿಸಿಕೊಳ್ಳಬೇಡಿ.

2. "ಇದು ನನ್ನ ಅವಶ್ಯಕತೆಯೋ, ಇಚ್ಛೆಯೋ?" ದಿನದಲ್ಲಿ ಮೂರು ಸಲ ಈ ಪ್ರಶ್ನೆ ಕೇಳಿಕೊಳ್ಳಿ.

3. ಎಣ್ಣೆ, ಬಣ್ಣ, ಔಷಧಿ ಇವನ್ನು ಚರಂಡಿಗೆ ಸುರಿಯಬೇಡಿ. ನಿಮ್ಮ ಕಟ್ಟಡದ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಈ ವಾರ ವಿಚಾರಿಸಿ.

4. ತಾಯಿ ತಂದೆಯರ ಕಸುಬಿನ ಬಗ್ಗೆ ನಾಚಿಕೆ ಪಡುವ ಕಿರಿಯರು ನಿಮ್ಮ ಬಳಿ ಇದ್ದರೆ, ಅವರಿಗೆ ಯಸೋಜ ಥೇರರ ಕಥೆ ಹೇಳಿ.

ನೀರಿನಲ್ಲಿರುವ ಜೀವಗಳೂ ನೆಲದ ಮೇಲಿನ ಜೀವಗಳೂ ನೋವಿಲ್ಲದೆ ಬಾಳಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.

(ಓದಿ, ಚರ್ಚಿಸಿ, ನಾಲ್ಕು ಜನರಿಗೆ ಕಳಿಸಿ.)