ಸೀಸೆಯೊಳಗಿನ ಸುಳ್ಳು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಗೂಡಿನಲ್ಲಿ ಎಷ್ಟೋ ವರ್ಷ ಒಂದು ಪುಟ್ಟ ಸೀಸೆ ಇರುತ್ತಿತ್ತು. ಅದರ ಎದುರಿನ ತಟ್ಟೆಯ ಮೇಲೆಯೇ ಪಂಚಾಮೃತಕ್ಕೆಂದು ಮಡಿಯಲ್ಲಿ ತೆಗೆದಿಟ್ಟ ಮೊಸರಿನ ಬಟ್ಟಲು. ಎರಡನ್ನೂ ಅಲ್ಲಿ ಇಡುತ್ತಿದ್ದವಳು ನಾನೇ.

ಅತ್ತೆಯ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಹೋದದ್ದು 1996ರಲ್ಲಿ. ಇನ್ಸುಲಿನ್ ಚುಚ್ಚಲೇಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಅಂಗಡಿಯವನು ಕೊಟ್ಟ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 'ಬೋವೈನ್' ಎಂದಿತ್ತು. ಬಿ.ಎ. ಓದಿದವಳಿಗೆ ಅಷ್ಟು ಇಂಗ್ಲಿಷು ಬರುತ್ತದೆ. ದನದ್ದು. ಕಸಾಯಿಖಾನೆಯಲ್ಲಿ ಕಡಿದ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ಶುಕ್ರವಾರ ಹಸುವಿಗೆ ಅರಿಸಿನ ಕುಂಕುಮ ಇಡದೆ ಕಾಫಿಯನ್ನೂ ಮುಟ್ಟದ ಅತ್ತೆ! ಬಸ್ ಸ್ಟ್ಯಾಂಡಿನ ಕಸದ ತೊಟ್ಟಿಗೆ ಡಬ್ಬಿಯನ್ನು ಹಾಕಿ, ಸೀಸೆಯನ್ನು ಮಾತ್ರ ಸೆರಗಿನಲ್ಲಿ ಸುತ್ತಿ ಮನೆಗೆ ತಂದೆ.

"ಇದನ್ನ ಯಾವುದರಲ್ಲಿ ಮಾಡ್ತಾರೆ?" ಎಂದು ಅವರು ಕೇಳಿಯೂ ಕೇಳಿದರು.

"ಕಾರ್ಖಾನೇಲಿ ಮಾಡ್ತಾರೆ ಅತ್ತೆ," ಎಂದೆ. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಶಾಲೆಯಲ್ಲಿ ಮಕ್ಕಳು ಇಂಥ ಉತ್ತರ ಕೊಟ್ಟರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ದನ, ಹಂದಿಗಳ ಇನ್ಸುಲಿನ್ನನ್ನು ನಾನು ಹೀನಾಯವಾಗಿ ಮಾತನಾಡಲಾರೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದರ ದಾರಿ ಕಂಡರು. 1922ರ ಜನವರಿಯಲ್ಲಿ ಸಾವಿನ ಅಂಚಿನಲ್ಲಿದ್ದ ಹದಿನಾಲ್ಕರ ಹುಡುಗನೊಬ್ಬನಿಗೆ ಮೊದಲು ಚುಚ್ಚಿದರು. ಐವತ್ತೊಂದು ಮಣಿ ಪೋಣಿಸಿದ ಸರದಂತೆ ಅದರ ರಚನೆ. ನಮ್ಮದಕ್ಕೂ ಹಂದಿಯದಕ್ಕೂ ಒಂದೇ ಮಣಿ ವ್ಯತ್ಯಾಸ, ದನದ್ದಕ್ಕೆ ಮೂರು. ಆ ಪ್ರಾಣಿಗಳ ದೆಸೆಯಿಂದ ಬದುಕಿದವರಿಗೆ ಲೆಕ್ಕವಿಲ್ಲ. ಅತ್ತೆಯೂ ಬದುಕಿದರು.

ಒಂಬತ್ತು ವರ್ಷ ಹೀಗೇ ನಡೆಯಿತು. 2005ರಲ್ಲಿ ಡಾಕ್ಟರು ಚೀಟಿ ಬದಲಿಸಿದರು. "ಇದು ನಮ್ಮ ಬೆಂಗಳೂರಲ್ಲೇ ತಯಾರಾಗೋದು ಟೀಚರ್, ಯೀಸ್ಟ್‌ನಿಂದ," ಎಂದರು. ಬಯೋಕಾನ್ ಕಂಪನಿ ಹಿಂದಿನ ವರ್ಷ ಅದನ್ನು ಮಾರುಕಟ್ಟೆಗೆ ತಂದಿತ್ತು. ಯೀಸ್ಟ್ ಎಂದರೆ ಬ್ರೆಡ್ಡು ಉಬ್ಬಿಸುವುದು ಎಂದಷ್ಟೇ ಬಲ್ಲ ನಾನು ನಮ್ಮ ಶಾಲೆಯ ವಿಜ್ಞಾನದ ಮೇಡಂ ಬಳಿ ಪಾಠ ಹೇಳಿಸಿಕೊಂಡೆ. ಅದು ಒಂದೇ ಕೋಶದ ಶಿಲೀಂಧ್ರ, ಅಣಬೆಯ ನೆಂಟ. ಹುದುಗುವುದೆಂದರೆ ಬರಿಯ ಕೊಳೆಯುವುದಲ್ಲ, ಜೀವವಿರುವ ಯೀಸ್ಟಿನ ಕೆಲಸ ಎಂದು ಪಾಶ್ಚರ್ 1850ರ ದಶಕದಲ್ಲಿ ತೋರಿಸಿದ. ಕನ್ನಡ ಪಾಠ ಮಾಡುವ ನನಗೆ ಹಿಡಿಸಿದ್ದು ಬೇರೆಯೇ. ಸಂಸ್ಕೃತದಲ್ಲಿ 'ಕಿಣ್ವ' ಎಂದರೆ ಹೆಂಡಕ್ಕೆ ಹಾಕುವ ಹುದುಗು. ನಾವು ಅದನ್ನೇ ಪಠ್ಯಪುಸ್ತಕದಲ್ಲಿ 'ಎನ್‌ಜೈಮ್'ಗೆ ಇಟ್ಟೆವು. ಆ ಎನ್‌ಜೈಮ್ ಎಂಬ ಮಾತಿಗೂ ಗ್ರೀಕಿನಲ್ಲಿ 'ಹುದುಗಿನೊಳಗೆ' ಎಂದೇ ಅರ್ಥವಂತೆ!

ಇನ್ಸುಲಿನ್ ಮಾಡಲು ಬೆಂಗಳೂರಿನವರು ಬಳಸಿದ್ದು ಪಿಚಿಯಾ ಎಂಬ ಯೀಸ್ಟ್. ಮೆಥನಾಲನ್ನೂ ತಿಂದು ಬೆಳೆಯುವ ಗಟ್ಟಿ ಜೀವ. ಇನ್ಸುಲಿನ್ ಮಾಡಲು ನಮ್ಮ ಮೈಗೆ ಗೊತ್ತಿರುವ ಸೂಚನೆಯನ್ನು, ಅಂದರೆ ಜೀನನ್ನು, ಅದರೊಳಗೆ ಸೇರಿಸುತ್ತಾರೆ. ದೊಡ್ಡ ಉಕ್ಕಿನ ಕೊಳಗದಲ್ಲಿ ಅದು ಕೋಟಿ ಕೋಟಿಯಾಗಿ ಬೆಳೆದು ಇನ್ಸುಲಿನ್ನಿನ ಕಚ್ಚಾ ರೂಪವನ್ನು ಹೊರಗೆ ಬಿಡುತ್ತದೆ. ಅದನ್ನು ಕತ್ತರಿಸಿ, ಶುದ್ಧಿ ಮಾಡಿದರೆ ನಮ್ಮದೇ ಐವತ್ತೊಂದು ಮಣಿಯ ಸರ. ನಮಗೂ ಯೀಸ್ಟಿಗೂ ಇರುವ ನೆಂಟಸ್ತಿಕೆ ಸಣ್ಣದಲ್ಲ. ಲಂಡನ್ನಿನಲ್ಲಿ ಪಾಲ್ ನರ್ಸ್ ಮತ್ತು ಸಂಗಡಿಗರು, ಕೋಶ ಒಡೆದು ಎರಡಾಗಲು ಬೇಕಾದ ಜೀನು ಕೆಟ್ಟ ಯೀಸ್ಟಿಗೆ ಮನುಷ್ಯನ ಜೀನು ಕೊಟ್ಟರೆ ಅದು ಮತ್ತೆ ಎರಡಾಗುತ್ತದೆಂದು 1987ರಲ್ಲಿ ತೋರಿಸಿದರು. ನರ್ಸ್‌ಗೆ 2001ರಲ್ಲಿ ನೊಬೆಲ್ ಬಂತು. ಬ್ರೆಡ್ಡಿನ ಯೀಸ್ಟಿನ ಸುಮಾರು 6000 ಜೀನುಗಳನ್ನು ವಿಜ್ಞಾನಿಗಳು ಓದಿ ಮುಗಿಸಿದ್ದು 1996ರಲ್ಲಿ. ನಾನು ಡಬ್ಬಿಯನ್ನು ತೊಟ್ಟಿಗೆ ಹಾಕಿದ ವರ್ಷವೇ.

ನನ್ನ ಎದೆಯ ಭಾರ ಇಳಿಯಿತೆಂದು ಹಿಗ್ಗಿ ಹೊಸ ಡಬ್ಬಿಯನ್ನು ಡಬ್ಬಿಯ ಸಮೇತ ಮನೆಗೆ ತಂದೆ. ಹತ್ತು ವರ್ಷದ ಮಗ ಅಜ್ಜಿಯ ಮುಂದೆ ಅಕ್ಷರ ಕೂಡಿಸಿ "ಹ್ಯೂಮನ್ ಇನ್ಸುಲಿನ್" ಎಂದು ಓದಿದ.

"ಅಯ್ಯೋ ಶಿವನೇ, ಮನುಷ್ಯರದ್ದಾ?"

"ಅಲ್ಲ ಅತ್ತೆ, ಬ್ರೆಡ್ಡಿಗೆ ಹಾಕ್ತಾರಲ್ಲ ಹುದುಗು, ಆ ಜಾತಿಯದ್ದರಿಂದ ಮಾಡಿದ್ದು. ಯಾವ ಪ್ರಾಣಿಯದ್ದೂ ಇಲ್ಲ," ಎಂದುಬಿಟ್ಟೆ ಉತ್ಸಾಹದಲ್ಲಿ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಇಷ್ಟು ದಿನ ಯಾವ ಪ್ರಾಣೀದು ಕೊಡ್ತಿದ್ದೆ?"

ಹೇಳಿದೆ. ಅವರು ಬೈಯಲಿಲ್ಲ, ಅಳಲಿಲ್ಲ. ಆ ರಾತ್ರಿ ಊಟಕ್ಕೆ ಏಳಲಿಲ್ಲ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಊಟ ಬಿಡಬಾರದೆಂದು ನಾನು ಬಾಗಿಲಲ್ಲಿ ನಿಂತು ಅಂಗಲಾಚಿದಾಗ, "ನೀನು ಹೇಳೋದ್ರಲ್ಲಿ ಯಾವುದು ನಿಜ ಅಂತ ನಾನು ಹ್ಯಾಗೆ ತಿಳ್ಕೊಳ್ಲಿ?" ಎಂದರು. ಮೊಮ್ಮಗ ಹಾಲು ಕೊಟ್ಟರೆ ಕುಡಿದರು. ಬೆಳಗ್ಗೆ ನನ್ನ ಕೈಯಿಂದ ಸಿರಿಂಜು ತೆಗೆದುಕೊಂಡು ತಾವೇ ಚುಚ್ಚಿಕೊಂಡರು.

ಜೀವ ಉಳಿಸುವ ಸುಳ್ಳು ತಪ್ಪಲ್ಲ ಎಂದು ಬಹಳ ಜನ ನನ್ನನ್ನು ಸಮಾಧಾನ ಮಾಡಿದ್ದಾರೆ. ಇರಬಹುದು. ಆದರೆ ಅತ್ತೆಗೆ ಬುದ್ಧಿ ಭ್ರಮೆಯಾಗಿರಲಿಲ್ಲ. ಏಕಾದಶಿಯಿಂದ ಹಾಲಿನವನ ಬಾಕಿಯವರೆಗೆ ಎಲ್ಲ ಲೆಕ್ಕ ಅವರ ನಾಲಿಗೆ ತುದಿಯಲ್ಲಿತ್ತು. ಮೈ ಅವರದು, ನೇಮ ಅವರದು. ಅವರು ಸಾಯುತ್ತಾರೆಂಬ ಹೆದರಿಕೆ ನನಗಿದ್ದದ್ದು ನಿಜ. ಬೇಡವೆಂದು ಹಟ ಹಿಡಿದು ಸತ್ತರೆ ಸೊಸೆ ನೋಡಿಕೊಳ್ಳಲಿಲ್ಲ ಎಂದು ನಾದಿನಿಯರು ಅಂದಾರೆಂಬ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ದೊಡ್ಡದಿತ್ತೋ, ಈಗ ತೂಗಲು ಹೋದರೆ ತಕ್ಕಡಿ ನಿಲ್ಲುವುದಿಲ್ಲ.

ನನ್ನನ್ನು ಹೆಚ್ಚು ಕೊರೆಯುವುದು ಇನ್ನೊಂದು. ಡೆನ್ಮಾರ್ಕಿನ ನೋವೋ ಕಂಪನಿ 1980ರ ದಶಕದಲ್ಲೇ ಯೀಸ್ಟಿನಿಂದ ಇನ್ಸುಲಿನ್ ತಯಾರಿಸಿತ್ತು. ನಾನು ಡಬ್ಬಿ ಬಚ್ಚಿಟ್ಟ ಕಾಲದಲ್ಲಿ ನಮ್ಮ ದೇಶದಲ್ಲೂ ಮನುಷ್ಯ ಇನ್ಸುಲಿನ್ ಸಿಗುತ್ತಿತ್ತು, ದುಬಾರಿಗೆ. ಬೇರೆ ಯಾವುದಾದರೂ ಇದೆಯೇ ಎಂದು ಅಂಗಡಿಯವನನ್ನಾಗಲಿ ಡಾಕ್ಟರನ್ನಾಗಲಿ ನಾನು ಕೇಳಲೇ ಇಲ್ಲ. ಸುಳ್ಳು ಹೇಳಿ ಆಗಿತ್ತಲ್ಲ, ಕೇಳುವ ಅಗತ್ಯ ಕಾಣಲಿಲ್ಲ. ನಿಜ ಹೇಳಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು. ಆ ರಂಪದಲ್ಲಿ ಯಾರಾದರೂ ಕೇಳುತ್ತಿದ್ದರು. ಒಂದು ಬಳೆ ಮಾರಿ ತರುತ್ತಿದ್ದೆವೋ ಏನೋ. ಅತ್ತೆಯೇ ತಮ್ಮದನ್ನು ಬಿಚ್ಚಿ ಕೊಡುತ್ತಿದ್ದರು.

ಆಮೇಲೆ ಪ್ರತಿ ಹೊಸ ಡಬ್ಬಿಯನ್ನೂ ಅವರು ಮೊಮ್ಮಗನ ಕೈಯಲ್ಲಿ ಓದಿಸಿಯೇ ಒಡೆಯುತ್ತಿದ್ದರು. ನನ್ನೊಡನೆ ಮಾತು ಬಿಟ್ಟವರಲ್ಲ. ಹಪ್ಪಳ, ಸಂಡಿಗೆ, ಮದುವೆ, ಮುಂಜಿ ಎಲ್ಲಕ್ಕೂ ಜೊತೆಗಿದ್ದರು. ಸೀಸೆಯ ವಿಷಯಕ್ಕೆ ಮಾತ್ರ ನಾನು ಹೊರಗಿನವಳು.

2009ರ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ಸಿರಿಂಜಿನ ಗೆರೆ ಕಾಣದಾಯಿತು. ಒಂದು ಬೆಳಗ್ಗೆ, ಮಗ ಶಾಲೆಗೆ ಹೋಗಿದ್ದಾಗ, ಒಳಗಿನಿಂದ ನನ್ನನ್ನು ಕೂಗಿದರು. ಸೀಸೆಯನ್ನೂ ಸಿರಿಂಜನ್ನೂ ಚಾಚಿದರು.

"ಹತ್ತಕ್ಕೆ ಸರಿಯಾಗಿ ಎಳೆದಿದ್ದೀಯಾ?"

"ಹತ್ತಕ್ಕೇ ಇದೆ ಅತ್ತೆ."

ಸ್ವಲ್ಪ ಹೊತ್ತು ನನ್ನ ಮುಖದ ಕಡೆಗೇ ನೋಡಿದರು. ಆಮೇಲೆ ಸೆರಗು ಸರಿಸಿ ತೋಳು ಚಾಚಿದರು.