ಉಸಿರಿನ ಬಳೆ

ನೀರಿನ ಗುಳ್ಳೆ ಎಂದರೆ ನಮ್ಮ ಹಿರಿಯರಿಗೆ ಒಂದೇ ಅರ್ಥ: ಈಗ ಉಂಟು, ಈಗ ಇಲ್ಲ. ಆದರೆ ಕಡಲಿನ ಒಳಗೆ ಇಳಿದು, ಅಳತೆ ಮಾಡಿ ಕೊಟ್ಟ ಉಸಿರಿನಿಂದ, ಬೇಕೆಂದೇ ಗುಳ್ಳೆಯ ಬಳೆ ಬಿಡುವವನಿಗೆ ಏನು ಹೇಳುವುದು? ಅದು ಆಟವೋ, ದಂಡವೋ?

ಪ್ರಶ್ನೆ ನನಗೆ ಬಂದದ್ದು ಮನೆಯೊಳಗಿಂದಲೇ. ನನ್ನ ಅಕ್ಕನ ಮಗ ಮುರ್ಡೇಶ್ವರದಲ್ಲಿದ್ದು, ನೇತ್ರಾಣಿ ದ್ವೀಪದ ಬಳಿ ಪ್ರವಾಸಿಗರನ್ನು ಸ್ಕೂಬಾ ಡೈವಿಂಗಿಗೆ ಇಳಿಸುವ ಕೆಲಸ ಮಾಡುತ್ತಾನೆ. ಅವನು ಬಳೆ ಬಿಡುವ ವಿಡಿಯೋ ನಮ್ಮಲ್ಲೆಲ್ಲ ಓಡಾಡಿತು. ಬೆಳ್ಳಿಯ ಹಾಗೆ ಹೊಳೆಯುತ್ತಾ, ಮೇಲೇರಿದಷ್ಟೂ ಅಗಲವಾಗಿ, ತೆಳ್ಳಗಾಗಿ, ಕೊನೆಗೆ ಚೂರಾಗಿ ಹೋಗುವ ಬಳೆ. ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಭಾವನಿಗೆ ಮಾತ್ರ ಹಿಡಿಸಲಿಲ್ಲ. "ಜನರ ಜೀವ ಕೈಯಲ್ಲಿಟ್ಟುಕೊಂಡವನಿಗೆ ಇದೆಂತ ಮಕ್ಕಳಾಟ? ಆ ಗಾಳಿ ಲೆಕ್ಕದ್ದಲ್ವಾ?"

ಭಾವ ಸುರಂಗ ತೋಡುತ್ತಿದ್ದವರು. ನಮ್ಮ ಗುಡ್ಡಗಳೊಳಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ. ಮೇಣದ ಬತ್ತಿ ಮಂಕಾದರೆ ಹೊರಗೆ ಬರಬೇಕು ಎಂಬ ಲೆಕ್ಕದಲ್ಲಿ ದುಡಿದವರು. ಉಸಿರಿನ ಬೆಲೆ ಅವರಿಗೆ ಗೊತ್ತಿದ್ದಷ್ಟು ನನ್ನಂಥ ಪುಸ್ತಕದ ಮನುಷ್ಯನಿಗೆ ಗೊತ್ತಿಲ್ಲ.

ಲೆಕ್ಕವನ್ನೇ ನೋಡೋಣ. ಬೆನ್ನಿಗೆ ಕಟ್ಟುವ 12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿ ತುಂಬಿದರೆ ಸುಮಾರು 2,400 ಲೀಟರು ಗಾಳಿ. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು, ಒಂದು ಉಸಿರಿಗೆ ನೆಲದ ಮೇಲಿನ ಎರಡು ಉಸಿರಿನಷ್ಟು ಖರ್ಚು. ಜೊತೆಗಾರನ ಗಾಳಿ ಮುಗಿದರೆ ನಮ್ಮದರಿಂದಲೇ ಕೊಡಬೇಕು. ಅದಕ್ಕೆಂದೇ ಇನ್ನೊಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಸಿಲಿಂಡರಿನ ಕೊನೆಯ ಪಾಲು ಪೂರ್ತಿ ನಮ್ಮದೂ ಅಲ್ಲ.

ಇಷ್ಟಾದರೂ ಭಾವನ ಮಾತಿನ ಅರ್ಧ ನಿಲ್ಲುವುದಿಲ್ಲ. ಸ್ಕೂಬಾದಲ್ಲಿ ಎಳೆದ ಗಾಳಿ ಶ್ವಾಸಕೋಶಕ್ಕೆ, ಬಿಟ್ಟ ಗಾಳಿ ಕಡಲಿಗೆ. ವಾಪಸು ಸಿಲಿಂಡರಿಗೆ ಹೋಗುವುದಿಲ್ಲ. ಉಸಿರು ಕಟ್ಟಿ ಹಿಡಿಯುವ ಹಾಗೂ ಇಲ್ಲ. ಹಿಡಿದುಕೊಂಡು ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದೀತು. ಬಿಡಲೇಬೇಕಾದ, ಆಗಲೇ ಉಪಯೋಗಿಸಿ ಆದ ಉಸಿರು ಅದು. ಗುಳುಗುಳು ಎಂದು ಬಿಡಬಹುದು, ಇಲ್ಲವೇ ಒಂದು ಆಕಾರ ಕೊಟ್ಟು ಬಿಡಬಹುದು. ಭತ್ತ ಚೆಲ್ಲಿದ ಹಾಗಲ್ಲ ಇದು, ಉಮಿಯಲ್ಲಿ ರಂಗೋಲಿ ಹಾಕಿದ ಹಾಗೆ.

"ಮುಖ ಮೇಲೆ ಮಾಡಿ, ರೆಗ್ಯುಲೇಟರ್ ಬಾಯಿಂದ ತೆಗೆದು ಕೈಯಲ್ಲಿ ಹಿಡಿದು, ಕೆನ್ನೆ ತುಂಬ ಗಾಳಿ ಮಾಡಿ ಪೊಕ್ ಅಂತ ಬಿಡುವುದು, ಮಾವ" ಎಂದು ಅಳಿಯ ವಿವರಿಸಿದ್ದ. ಗುಳ್ಳೆಯ ಅಡಿಯಲ್ಲಿ ನೀರಿನ ಒತ್ತಡ ನೆತ್ತಿಗಿಂತ ಹೆಚ್ಚು. ಅಡಿಯ ನೀರು ನಡುವನ್ನು ತೂತು ಮಾಡಿ ಮೇಲೆ ನುಗ್ಗುತ್ತದೆ, ಗುಳ್ಳೆ ಬಳೆಯಾಗುತ್ತದೆ. ಸುತ್ತ ನೀರು ಸುಳಿಯುತ್ತಲೇ ಇರುವುದರಿಂದ ಬಳೆ ಒಡೆಯದೆ ಏರುತ್ತದೆ.

ನಮ್ಮ ಶಾಲೆಯ ವಿಜ್ಞಾನದ ಮಾಷ್ಟ್ರು ಅಳಿಯನ ಪರ ವಾದ ಹೂಡಿದರು. 1867ರಲ್ಲಿ ಸ್ಕಾಟ್ಲೆಂಡಿನ ಪೀಟರ್ ಟೇಟ್ ಹೊಗೆಯ ಬಳೆ ಬಿಟ್ಟು ತೋರಿಸಿದ್ದನ್ನು ಕಂಡು, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್, ಪರಮಾಣುಗಳೂ ಇಂಥ ಸುಳಿಬಳೆಗಳೇ ಎಂದರಂತೆ. ಆ ಮಾತು ಸುಳ್ಳಾಯಿತು. ಆದರೆ ಅದರ ಬೆನ್ನುಹತ್ತಿ ಟೇಟ್ ಗಂಟುಗಳ ಪಟ್ಟಿ ಮಾಡಲು ಕೂತು, ಗಣಿತದಲ್ಲಿ ಗಂಟುಗಳ ಶಾಸ್ತ್ರ ಬೆಳೆಯಿತು. ಆಟದಿಂದ ಲಾಭ ಉಂಟು ಎಂದು ಮಾಷ್ಟ್ರ ತೀರ್ಮಾನ.

ನನಗೆ ಈ ದಾರಿ ರುಚಿಸಲಿಲ್ಲ. ಆಟದ ಕೈಯಲ್ಲಿ ಒಂದು ರಶೀದಿ ಇರಲೇಬೇಕೇ? ಹವಾಯಿಯ ಸೀ ಲೈಫ್ ಪಾರ್ಕಿನ ಡಾಲ್ಫಿನ್‌ಗಳು ಇಂಥದ್ದೇ ಬಳೆ ಬಿಡುವುದನ್ನು ಕೆನ್ ಮಾರ್ಟೆನ್ ಮತ್ತು ಜೊತೆಯವರು 1996ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದರು. ಮೀನು ಕೊಟ್ಟು ಕಲಿಸಿದ್ದಲ್ಲ. ತಾವೇ ಬಿಡುತ್ತವೆ, ಬಿಟ್ಟದ್ದನ್ನು ತಾವೇ ನೋಡುತ್ತವೆ, ಅದರೊಡನೆ ಆಡುತ್ತವೆ. ಅವಕ್ಕೂ ಉಸಿರು ಲೆಕ್ಕದ್ದೇ. ನೀರ ಮೇಲೆ ಬಂದೇ ಎಳೆದುಕೊಳ್ಳಬೇಕು. ನಮ್ಮ ಮಕ್ಕಳು ಕಾಡುಹರಳಿನ ತೊಟ್ಟು ಮುರಿದು ಅದರ ಹಾಲಿನಲ್ಲಿ ಗುಳ್ಳೆ ಊದುವಾಗ ಲಾಭ ಕೇಳಿದವರುಂಟೇ?

ಭಾವನ ಮಾತಿನ ಇನ್ನರ್ಧ ಮಾತ್ರ ಗಟ್ಟಿ. ಗಾಳಿ ಹಾಳಾಗದಿರಬಹುದು, ಗಮನ? ಬಳೆ ಬಿಡುವವನ ಕಣ್ಣು ಮೇಲಕ್ಕೆ. ನಂಬಿ ಬಂದವರು ಪಕ್ಕದಲ್ಲಿ. ಅವರಲ್ಲೊಬ್ಬರಿಗೆ ಗಾಬರಿಯಾದರೆ ಆ ನಾಲ್ಕು ಕ್ಷಣ ಯಾರದು? ಉಸಿರಿನಲ್ಲಿ ಮಿಕ್ಕದ್ದಿರಬಹುದು, ಇನ್ನೊಬ್ಬರಿಗೆ ಒಪ್ಪಿಸಿದ ಗಮನದಲ್ಲಿ ಮಿಕ್ಕದ್ದು ಇರುವುದಿಲ್ಲ. ಇಲ್ಲಿ ನಾನು ಭಾವನ ಕಡೆ.

ಅಳಿಯನಿಗೂ ಇದು ಗೊತ್ತುಂಟು. "ಗೆಸ್ಟ್ ಇರುವಾಗ ಇಲ್ಲ ಮಾವ, ನಾವು ನಾವೇ ಹೋದಾಗ ಮಾತ್ರ. ಮೇಲೆ ಬರುವ ಮೊದಲು 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕಲ್ಲ, ಮೈಯ ನೈಟ್ರೋಜನ್ ಹೊರಗೆ ಹೋಗಲಿಕ್ಕೆ. ಆಗ ಬೇರೆ ಕೆಲಸ ಇಲ್ಲ. ಒಬ್ಬ ಬಿಡುವಾಗ ಇನ್ನೊಬ್ಬ ನೋಡಿಕೊಳ್ತಾನೆ" ಎಂದ. ಕಾಯಲೇಬೇಕಾದ ಹೊತ್ತು, ಬಿಡಲೇಬೇಕಾದ ಉಸಿರು, ಕಾವಲಿಗೆ ಒಬ್ಬ. ಇದಕ್ಕೆ ನನ್ನ ತಕರಾರಿಲ್ಲ.

ಒಂದು ಮಾತ್ರ ಕೊರೆಯುತ್ತಾ ಉಂಟು. ನೋಡಿಕೊಳ್ಳುವ ಆ ಇನ್ನೊಬ್ಬನೇ ಅಲ್ಲವೇ ವಿಡಿಯೋ ತೆಗೆದದ್ದು? ಡಾಲ್ಫಿನ್‌ಗಳಿಗೆ ಆ ತಾಪತ್ರಯ ಇಲ್ಲ. ಕ್ಯಾಮೆರಾ ಹಿಡಿದವನಿಗೆ ಬಳೆ ಕಾಣುತ್ತದೆ, ಬಳೆ ಬಿಡುವವನ ಬಾಯಿ ಕಾಣುತ್ತದೆ. ಅವನ ಸಿಲಿಂಡರಿನ ಮುಳ್ಳು ಎಲ್ಲಿಗೆ ಬಂದಿದೆ ಎಂಬುದು ಆ ಚೌಕಟ್ಟಿನೊಳಗೆ ಎಲ್ಲೂ ಇರಲಿಲ್ಲ.